ಹಿಡಿತದ ತರಬೇತಿ: ತಾಲೀಮಿನಿಂದ ವಾರ್ಡಿಗೆ ಏನು ಬರಬೇಕು, ಏನು ಬರಬಾರದು

ಕಲಬುರಗಿ, ಬೀದರ್, ಯಾದಗಿರಿಯ ಆಸ್ಪತ್ರೆಗಳಲ್ಲಿ ಮತ್ತು ವ್ಯಸನಮುಕ್ತಿ ಕೇಂದ್ರಗಳಲ್ಲಿ ಕೆಲಸ ಮಾಡುವ ವಾರ್ಡ್ ಬಾಯ್, ಸಿಸ್ಟರ್ ಮತ್ತು ಸೆಕ್ಯುರಿಟಿ ಸಿಬ್ಬಂದಿಗೆ, ಕೈಮೀರಿದ ರೋಗಿಯನ್ನು ಅಪಾಯವಿಲ್ಲದೆ ಹಿಡಿದು ನಿಲ್ಲಿಸುವ ತರಬೇತಿ ಕೊಡಿಸಬೇಕೆಂದು ಆಡಳಿತದವರು ನಿರ್ಧರಿಸಿದಾಗ ಮೊದಲು ನೆನಪಾಗುವುದು ಊರಿನ ಕರಾಟೆ ಮಾಸ್ತರರು, ಇಲ್ಲವೇ ತಾಲೀಮಿನ, ಅಂದರೆ ಗರಡಿಮನೆಯ, ಹಳೆಯ ಪೈಲ್ವಾನರು. ಅವರನ್ನು ಒಂದು ದಿನ ಕರೆಸಿ, ಆರೆಂಟು ಪಟ್ಟು ಹೇಳಿಸಿ, ಸಂಜೆ ಪ್ರಮಾಣಪತ್ರ ಹಂಚಿ ಫೋಟೊ ತೆಗೆಸಿದರೆ ಕೆಲಸ ಮುಗಿಯಿತು ಎಂಬ ಭಾವನೆ ಇದೆ. ಅವರ ವಿದ್ಯೆಯ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಎದುರಾಳಿಯನ್ನು ಸೋಲಿಸಲು ಬೆಳೆದ ವಿದ್ಯೆ, ವಾರ್ಡಿನಲ್ಲಿ ಎದುರಾಳಿಗಳು ಇರುವುದಿಲ್ಲ. ತರಬೇತಿಯನ್ನು ಕಟ್ಟುವವರು ಈ ವ್ಯತ್ಯಾಸದಿಂದಲೇ ಆರಂಭಿಸಬೇಕು.

ಈ ವಿದ್ಯೆಗೆ ನಮ್ಮ ಭಾಗದಲ್ಲಿ ಹಳೆಯ ದಾಖಲೆಯೇ ಇದೆ. ಇಂದಿನ ಬಸವಕಲ್ಯಾಣವನ್ನು ರಾಜಧಾನಿಯಾಗಿಸಿಕೊಂಡಿದ್ದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಎಂಬ ಭಾಗವೊಂದು ಮಲ್ಲರ ದರ್ಜೆ, ಆಹಾರ, ಅಭ್ಯಾಸಗಳನ್ನು ವಿವರಿಸುತ್ತದೆ. ಆದರೆ ಇಂದು ಸಂಸ್ಥೆಗಳಲ್ಲಿ ಕಲಿಸುವ ಹಿಡಿತಗಳಲ್ಲಿ ಬಹುಪಾಲು ಬಂದಿರುವುದು ಜಪಾನಿನ ಜುಜುತ್ಸು ಮತ್ತು ಐಕಿಡೊದಿಂದ. 1882ರಲ್ಲಿ ಜೂಡೊ ಶಾಲೆ ತೆರೆದ ಜಿಗೊರೊ ಕಾನೊ, ಜುಜುತ್ಸುವಿನ ಅಪಾಯಕಾರಿ ಪಟ್ಟುಗಳನ್ನು ಮುಕ್ತ ಅಭ್ಯಾಸದಿಂದ ಹೊರಗಿಟ್ಟರು. ಗಾಯವಿಲ್ಲದೆ ಕಲಿಯುವ ದಾರಿ ಅದರಿಂದ ತೆರೆಯಿತು. ಇಂಗ್ಲೆಂಡಿನ ಜೈಲುಗಳು 1980ರ ದಶಕದಲ್ಲಿ ಮಣಿಕಟ್ಟನ್ನು ತಿರುವಿ ನೋವಿನಿಂದ ಮಣಿಸುವ ಪಟ್ಟುಗಳನ್ನು ಸೇರಿಸಿ ಒಂದು ಕ್ರಮ ರೂಪಿಸಿದವು, ಅದು ಅಲ್ಲಿಂದ ಮಾನಸಿಕ ಆಸ್ಪತ್ರೆಗಳಿಗೆ ಹಬ್ಬಿತು. ಆ ಕ್ರಮದ ಬಗ್ಗೆ ಪ್ರಶ್ನೆ ಎದ್ದದ್ದು ಸಾವುಗಳಿಂದ. 1998ರಲ್ಲಿ ನಾರ್ವಿಚ್‌ನ ಚಿಕಿತ್ಸಾಲಯವೊಂದರಲ್ಲಿ ಡೇವಿಡ್ ಬೆನೆಟ್ ಎಂಬ ರೋಗಿಯನ್ನು ಬೋರಲು ಒತ್ತಿ ಹಿಡಿದಿದ್ದಾಗ ಅವರು ತೀರಿಕೊಂಡರು. ಯಾರನ್ನೂ 3 ನಿಮಿಷಕ್ಕಿಂತ ಹೆಚ್ಚು ಬೋರಲು ಹಿಡಿಯಬಾರದೆಂದು ವಿಚಾರಣಾ ಸಮಿತಿ ಹೇಳಿತು. 2010ರಲ್ಲಿ ಲಂಡನ್ನಿನಲ್ಲಿ ಸೆನಿ ಲೂಯಿಸ್ ಎಂಬ ಯುವಕ ಪೊಲೀಸರ ಹಿಡಿತದಲ್ಲಿ ಕುಸಿದು ಮೃತಪಟ್ಟ ಬಳಿಕ, 2018ರಲ್ಲಿ ಮಾನಸಿಕ ಆರೋಗ್ಯ ಘಟಕಗಳ ಬಲಪ್ರಯೋಗದ ಮೇಲೆ ಅಲ್ಲಿ ಪ್ರತ್ಯೇಕ ಕಾಯ್ದೆಯೇ ಬಂತು.

ಕುಸ್ತಿಯಲ್ಲಿ ಕೆಳಗಿನವನು ಚಿತ್ ಆಗದಂತೆ ಬೋರಲು ಬಿದ್ದು ಮಣ್ಣು ಕಚ್ಚಿದಾಗ, ಮೇಲಿನವನು ಬೆನ್ನಿಗೆ ಭಾರ ಕೊಟ್ಟು, ಕುತ್ತಿಗೆಗೆ ಮಂಡಿ ಒತ್ತಿ, ಅವನ ಉಸಿರು ಕೆಡಿಸುವುದು ಜಾಣತನ. ಅಲ್ಲಿ ಇಬ್ಬರೂ ಒಪ್ಪಿ ಇಳಿದವರು, ಜೋಡು ನೋಡಿ ಬಿಟ್ಟವರು, ಪಕ್ಕದಲ್ಲಿ ಪಂಚರು ನಿಂತಿರುತ್ತಾರೆ. ವಾರ್ಡಿನಲ್ಲಿ ಜೀವ ತೆಗೆಯುವುದು ಇದೇ ಜಾಣತನ. ಬೋರಲು ಮಲಗಿದವರ ಬೆನ್ನಿನ ಮೇಲೆ ಭಾರ ಬಿದ್ದರೆ ಪಕ್ಕೆಲುಬು ಅಗಲವಾಗಲಾರದು, ಹೊಟ್ಟೆ ಒತ್ತಿಕೊಂಡು ವಪೆ (ಎದೆ-ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿಯಲಾರದು. ಇತ್ತ ಒದ್ದಾಡುವ ದೇಹಕ್ಕೆ ಬೇಕಾದ ಆಮ್ಲಜನಕ ಮಾತ್ರ ಏರುತ್ತಲೇ ಇರುತ್ತದೆ. ಉಸಿರಿಗಾಗಿ ಅವರು ಮೈ ಎತ್ತಲು ಹೆಣಗಿದರೆ, ಹಿಡಿದವರು ಅದನ್ನು ಪ್ರತಿರೋಧವೆಂದು ತಿಳಿದು ಇನ್ನಷ್ಟು ಒತ್ತುತ್ತಾರೆ. ಶಿಬಿರಾರ್ಥಿಗಳಿಗೆ ಇದನ್ನು ತೋರಿಸಲು ಯಾರ ಮೇಲೂ ಕೂರಬೇಕಾಗಿಲ್ಲ. ಕುರ್ಚಿಯಲ್ಲಿ ಕುಳಿತು, ಎದೆ ತೊಡೆಗೆ ತಾಗುವಂತೆ ಬಗ್ಗಿ, ದೀರ್ಘವಾಗಿ ಉಸಿರೆಳೆಯಲು ಹೇಳಿ: ಅರ್ಧಕ್ಕೇ ಕಟ್ಟಿಬಿಡುತ್ತದೆ. ಕೂರಿಸಿ ಮುಂದಕ್ಕೆ ಬಗ್ಗಿಸಿ ಹಿಡಿಯುವುದು ಸುರಕ್ಷಿತವೆಂಬ ನಂಬಿಕೆಯೂ ಅಲ್ಲಿಗೇ ಹೋಗುತ್ತದೆ.

ಕಾನೂನಿನ ಪಾಠವನ್ನು ಪಟ್ಟುಗಳಿಗಿಂತ ಮೊದಲೇ ಇಡಬೇಕು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಸರಪಳಿ ಕಟ್ಟಿಸಿಕೊಂಡಿದ್ದ 28 ಮಾನಸಿಕ ರೋಗಿಗಳು ಬೆಂಕಿಯಲ್ಲಿ ಬೆಂದುಹೋದರು. ಇಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ರೋಗಿಗೆ ಸರಪಳಿ ಹಾಕುವುದನ್ನು ಪೂರ್ಣವಾಗಿ ನಿಷೇಧಿಸಿದೆ. ಅದರ 97ನೆಯ ಕಲಮಿನ ಪ್ರಕಾರ, ರೋಗಿಗೋ ಇತರರಿಗೋ ಆ ಕ್ಷಣದಲ್ಲೇ ಆಗಬಹುದಾದ ಹಾನಿಯನ್ನು ತಡೆಯಲು ಬೇರೆ ದಾರಿಯೇ ಇಲ್ಲದಿದ್ದಾಗ, ಚಿಕಿತ್ಸೆಯ ಹೊಣೆ ಹೊತ್ತ ಮನೋವೈದ್ಯರ ಅನುಮತಿಯೊಂದಿಗೆ ಮಾತ್ರ ದೈಹಿಕ ನಿರ್ಬಂಧ ಸಾಧ್ಯ. ಅದು ಶಿಕ್ಷೆಯಾಗಬಾರದು, ಸಿಬ್ಬಂದಿ ಕಡಿಮೆಯಿದ್ದಾರೆಂಬುದು ಕಾರಣವಾಗಬಾರದು, ವಿಧಾನ, ಕಾರಣ, ಅವಧಿಗಳು ತಕ್ಷಣ ಕೇಸ್ ಶೀಟಿನಲ್ಲಿ ದಾಖಲಾಗಬೇಕು, ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ರಾತ್ರಿ ಪಾಳಿಯಲ್ಲಿ ಇಬ್ಬರೇ ಇದ್ದುದರಿಂದ ಕಟ್ಟಿಹಾಕಿದೆವು ಎಂಬ ಸಮಜಾಯಿಷಿ, ಹೇಳಿದವರಿಗೆ ಎಷ್ಟೇ ಸಹಜವೆನಿಸಿದರೂ, ಕಾನೂನಿನ ಮುಂದೆ ನಿಲ್ಲುವುದಿಲ್ಲ. ಗೇಟಿನಲ್ಲಿ ನಿಲ್ಲುವ ಸೆಕ್ಯುರಿಟಿಯವರಿಗೆ ಪೊಲೀಸರ ಅಧಿಕಾರವೂ ಇಲ್ಲ: ಭಾರತೀಯ ನ್ಯಾಯ ಸಂಹಿತೆ ಆತ್ಮರಕ್ಷಣೆಯ ಹಕ್ಕನ್ನು ಅಗತ್ಯದಷ್ಟು ಬಲಕ್ಕೇ ಸೀಮಿತಗೊಳಿಸಿದೆ. ಖಾಸಗಿ ಭದ್ರತಾ ಸಂಸ್ಥೆಗಳಿಗಾಗಿ ಕೇಂದ್ರ 2006ರಲ್ಲಿ ಹೊರಡಿಸಿದ ಮಾದರಿ ನಿಯಮಗಳು ಹೊಸ ಕಾವಲುಗಾರರಿಗೆ 100 ಗಂಟೆಯ ತರಗತಿ ಮತ್ತು 60 ಗಂಟೆಯ ಕ್ಷೇತ್ರ ತರಬೇತಿ ಹೇಳಿದ್ದವು. ಒಂದು ದಿನದ ಶಿಬಿರವನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು.

ಇನ್ನು ಪಾಠದ ಕ್ರಮ. ಎರಡು ದಿನ ಸಿಕ್ಕರೆ ಮೊದಲ ದಿನ ಯಾರೂ ಯಾರ ಮೈಮುಟ್ಟದಿರಲಿ. ರೋಗಿ ಏಕೆ ಕೆರಳುತ್ತಾರೆ ಎಂಬುದನ್ನು ಸಿಸ್ಟರ್‌ಗಳ ಅನುಭವದಿಂದಲೇ ಹೊರತೆಗೆಯಿರಿ: ಸೆರೆ ಕುಡಿಯುವುದನ್ನು ಬಿಟ್ಟ ಎರಡರಿಂದ ನಾಲ್ಕನೆಯ ದಿನಕ್ಕೆ ಬರುವ ಸನ್ನಿ, ಕಲಬೆರಕೆ ಸೇಂದಿ ಸಿಗದ ತಳಮಳ, ಸಕ್ಕರೆ ಅಂಶ ಇಳಿದಿರುವುದು, ಮೇ ತಿಂಗಳ ಬಿಸಿಲಿನ ಹೊಡೆತ. ಇವೆಲ್ಲಕ್ಕೂ ಮದ್ದು ಬೇಕು, ಪಟ್ಟಲ್ಲ. ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ ನೀರಿಲ್ಲದೆ ಬಸವಳಿದ ದೇಹ ಹಿಡಿತವನ್ನು ತಾಳುವುದೂ ಕಷ್ಟ. ಅನಂತರ ಮಾತಿನ ಅಭ್ಯಾಸ ಮಾಡಿಸಿ. ಎದುರಿಗೆ ನೇರ ನಿಲ್ಲದೆ, ತೋಳಳತೆಗಿಂತ ಆಚೆ ಸ್ವಲ್ಪ ಓರೆಯಾಗಿ, ಅಂಗೈ ಕಾಣುವಂತೆ ನಿಂತು, ಒಬ್ಬರೇ ಮಾತಾಡಬೇಕು. ‘ಕಾಕಾ, ಇಲ್ಲಿ ಕುಂದರ್ರಿ, ನೀರ್ ತರಸ್ತೀನಿ’ ಎಂಬುದಾಗಲಿ, ದಖನಿ ಮಾತಾಡುವ ಹಿರಿಯರಿಗೆ ‘ಚಾಚಾ, ಬೈಠೋ’ ಎಂಬುದಾಗಲಿ, ನಾಲ್ಕು ಕೈಗಳು ಮಾಡದ ಕೆಲಸವನ್ನು ಅನೇಕ ಸಲ ಮಾಡುತ್ತದೆ. ಏಕವಚನದಲ್ಲಿ ಗದರಿಸುವ ರೂಢಿಯನ್ನು ಬಿಡಿಸುವುದೇ ಮೊದಲ ದಿನದ ಕಠಿಣ ಪಾಠ.

ಎರಡನೆಯ ದಿನದ ಪಟ್ಟುಗಳು ಕೆಲವೇ ಇರಲಿ. ಮೈ ಕೈ ಬಿಡಿಸಿಕೊಂಡು ಹಿಂದೆ ಸರಿಯುವುದು, ಇಬ್ಬರು ಎರಡು ಕಡೆ ನಿಂತು ತೋಳು ಹಿಡಿದು ನಡೆಸುವುದು, ಕೂರಿಸುವುದು, ಅನಿವಾರ್ಯವಾದರೆ ಅಂಗಾತ ಮಲಗಿಸುವುದು, ಇಷ್ಟು ಸಾಕು. ಹಿಡಿಯುವಾಗ ಬೆರಳಿನಿಂದ ಹಿಂಡದೆ ಅಗಲವಾದ ಅಂಗೈಯನ್ನು ಕೀಲಿನ ಹತ್ತಿರ, ಕೀಲಿನ ಮೇಲಲ್ಲ, ಇಡಬೇಕು. ಕುತ್ತಿಗೆ, ಎದೆ, ಹೊಟ್ಟೆ, ಬೆನ್ನಿಗೆ ಭಾರ ಬೀಳಬಾರದು. ಬೆರಳು ಮಡಿಸಿ ನೋವು ಕೊಡುವ ಪಟ್ಟುಗಳನ್ನು ಕಲಿಸಲೇಬಾರದು. ತಂಡದಲ್ಲಿ ಒಬ್ಬರು ಏನನ್ನೂ ಹಿಡಿಯದೆ ತಲೆಯ ಬಳಿ ನಿಂತು ಉಸಿರು, ತುಟಿಯ ಬಣ್ಣ, ಪ್ರಜ್ಞೆ ಗಮನಿಸುತ್ತ, ಪ್ರತಿ ನಿಮಿಷವನ್ನೂ ಗಟ್ಟಿಯಾಗಿ ಕೂಗಿ ಹೇಳಬೇಕು. ‘ಬಿಡಿ’ ಎಂದು ಅವರು ಅಂದರೆ, ಹಿಡಿದವರು ಸೀನಿಯರ್ ಆಗಿದ್ದರೂ ಬಿಡಬೇಕು. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2015ರ ಮಾರ್ಗಸೂಚಿ ಇಂಥ ಹಿಡಿತ ಸಾಮಾನ್ಯವಾಗಿ 10 ನಿಮಿಷ ದಾಟಬಾರದೆನ್ನುತ್ತದೆ. ಮಾತಾಡುತ್ತಿದ್ದಾರೆ ಎಂದರೆ ಉಸಿರು ಸರಿಯಿದೆ ಎಂದರ್ಥವಲ್ಲ. ಒದ್ದಾಡುತ್ತಿದ್ದವರು ಥಟ್ಟನೆ ಸುಮ್ಮನಾದರೆ ಅದು ತುರ್ತು ಸ್ಥಿತಿ.

ತರಬೇತುದಾರರನ್ನು ಆರಿಸುವಾಗ ಅವರ ಬೆಲ್ಟಿನ ಬಣ್ಣ ಕೇಳಬೇಡಿ. ಹೃದಯ-ಶ್ವಾಸ ಪುನಶ್ಚೇತನ ಬರುತ್ತದೆಯೇ, ಗರ್ಭಿಣಿ, ವೃದ್ಧರು, ಮಕ್ಕಳು ಮತ್ತು ಅಸ್ತಮಾ ಇರುವವರ ವಿಷಯದಲ್ಲಿ ಯಾವ ಪಟ್ಟನ್ನು ಕೈಬಿಡುತ್ತಾರೆ, ಕಲಿತವರನ್ನು ಅನುತ್ತೀರ್ಣಗೊಳಿಸಿದ್ದುಂಟೇ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಇಲ್ಲ ಎಂದವರು ಹಂಚುತ್ತಿರುವುದು ಹಾಜರಾತಿ ಪತ್ರ.

ಪ್ರತಿ ಘಟನೆಯ ನಂತರ ರೋಗಿಯ ಮೈಮೇಲಿನ ಗಾಯ ಪರೀಕ್ಷಿಸಿ, ರೋಗಿಯೊಂದಿಗೂ ಸಿಬ್ಬಂದಿಯೊಂದಿಗೂ ಪ್ರತ್ಯೇಕವಾಗಿ ಮಾತಾಡಿ, ಮುಂದಿನ ಸಲ ಹಿಡಿಯದೆ ಹೇಗೆ ನಿಭಾಯಿಸಬಹುದಿತ್ತು ಎಂಬುದನ್ನು ಬರೆದಿಡಬೇಕು. ವರ್ಷಕ್ಕೊಮ್ಮೆ ಮರುತರಬೇತಿ ಇರಲಿ. ನಮ್ಮಲ್ಲಿ ಸೆಕ್ಯುರಿಟಿಯವರು ಗುತ್ತಿಗೆ ಬದಲಾದಾಗಲೆಲ್ಲ ಬದಲಾಗುವುದರಿಂದ, ತರಬೇತಿ ಇಲ್ಲದವರನ್ನು ಮನೋರೋಗ ವಾರ್ಡಿಗೂ ಕ್ಯಾಜುವಾಲ್ಟಿಗೂ ಹಾಕಕೂಡದೆಂಬ ಷರತ್ತನ್ನು ಟೆಂಡರಿನಲ್ಲೇ ಸೇರಿಸಿ, ಪ್ರತಿ ಪಾಳಿಯ ಡ್ಯೂಟಿ ಪಟ್ಟಿಯಲ್ಲಿ ತರಬೇತಿ ಪಡೆದವರ ಹೆಸರಿನ ಮುಂದೆ ಗುರುತು ಹಾಕಿಸಬೇಕು.