ನಾಯಿಯ ಬೆನ್ನಿಗೆ ಉಣುಗಿನ ಔಷಧಿ ಬಿಟ್ಟ ಮೇಲೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಅಡಿಕೆ ತೋಟದ ಮನೆಯಲ್ಲಿ ನಾಯಿ ಸಾಕಿ, ಉಣುಗಿಗೆ ಔಷಧಿ ಹಾಕುವುದಿಲ್ಲ ಅಂದರೆ ಆಗುವುದಿಲ್ಲ. ನಾಯಿಯ ಮೈಮೇಲೆ ಕಾಣುವುದು ಸ್ವಲ್ಪವೇ. ರಕ್ತ ಕುಡಿದು ಊದಿದ ಹೆಣ್ಣು ಉಣುಗು ಕೆಳಗೆ ಉದುರುತ್ತದೆ, ಗೋಡೆಯ ಸಂದಿ ಹುಡುಕಿಕೊಂಡು ಹೋಗಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಮ್ಮ ಹಟ್ಟಿಯ ಗೋಡೆ ಗಾರೆ ಮಾಡದ ಮುರಕಲ್ಲಿನದು. ಮೈಯೆಲ್ಲಾ ತೂತು. ಅವಕ್ಕೆ ಇನ್ನೇನು ಬೇಕು?

ಕಚ್ಚಿ ತುರಿಸುವುದಷ್ಟೇ ಆಗಿದ್ದರೆ ಕೈಯಲ್ಲಿ ಕಿತ್ತುಕೊಂಡು ಇರಬಹುದಿತ್ತು. ಉಣುಗಿನಿಂದ ಎರ್ಲಿಕಿಯಾ, ಬಬೇಸಿಯಾ ಎಂಬ ರಕ್ತದ ರೋಗಗಳು ಬರುತ್ತವೆ. ಜ್ವರ, ಊಟ ಬಿಡುವುದು, ಒಸಡು ಬಿಳಿಚಿಕೊಳ್ಳುವುದು, ಕೆಲವಕ್ಕೆ ಮೂಗಿನಲ್ಲಿ ರಕ್ತ. ಹೀಗೆ ನಾಯಿ ಕಳಕೊಂಡ ಮನೆಗಳು ನಮ್ಮ ಪಂಚಾಯತಿನಲ್ಲೇ ಬೇಕಷ್ಟಿವೆ. ಹಾಗಾಗಿ ನೆರೆಯವರು "ಆ ಔಷಧಿಯಿಂದ ನಾಯಿಗೆ ಏನಾದ್ರೂ ಆಗ್ತದಾ ಅಣ್ಣಾ?" ಎಂದು ಕೇಳಿದರೆ ನಾನು ಹೇಳುವುದು ಇಷ್ಟು: ಹೆಚ್ಚಿನ ನಾಯಿಗಳಿಗೆ ಏನೂ ಆಗುವುದಿಲ್ಲ. ಕೆಲವಕ್ಕೆ ಆಗುತ್ತದೆ. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂದು ಗೊತ್ತಿದ್ದರೆ ಧೈರ್ಯವಾಗಿ ಹಾಕಬಹುದು.

ನಮ್ಮ ಚಿನ್ನುವಿನ ಕಥೆ ಹೇಳುತ್ತೇನೆ. ಪೊಮೇರಿಯನ್ ಮಿಕ್ಸ್, ಸಣ್ಣ ಜೀವ. ಡಾಕ್ಟರು ಬರೆದುಕೊಟ್ಟ, ಅವಳ ತೂಕಕ್ಕೆ ಸರಿಯಾದ ಟ್ಯೂಬ್ ತಂದು ಹಾಕಿದ್ದೆ. ಇಮಿಡಾಕ್ಲೊಪ್ರಿಡ್ ಮತ್ತು ಪರ್ಮೆಥ್ರಿನ್ ಎಂಬ ಕೀಟನಾಶಕಗಳು ಸೇರಿದ ಸ್ಪಾಟ್ ಆನ್, ಅಂದರೆ ಬೆನ್ನಿನ ಚರ್ಮಕ್ಕೆ ಬಿಡುವ ಹನಿ ಔಷಧಿ. ಮಧ್ಯಾಹ್ನದ ಹೊತ್ತಿಗೆ ಶುರುವಾಯಿತು. ಕೂತರೆ ಎದ್ದಳು, ಎದ್ದರೆ ಓಡಿದಳು. ತಿರುಗಿ ತಿರುಗಿ ತನ್ನ ಬೆನ್ನನ್ನೇ ನೋಡುವುದು, ಜಗಲಿಯ ಕಂಬಕ್ಕೆ ಮೈ ಉಜ್ಜುವುದು. ಹಿಂದಿನಿಂದ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಅಂಗಳ ಇಡೀ ಓಟ.

ಡಾಕ್ಟರಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು ಅವಳು ಏನು ಮಾಡುತ್ತಿದ್ದಾಳೆ ಎಂದಲ್ಲ, ಏನು ಮಾಡುತ್ತಿಲ್ಲ ಎಂದು. ನಡುಕ ಇದೆಯಾ? ಕಾಲು ತೂರಾಡುತ್ತದಾ? ವಾಂತಿ? ಕರೆದರೆ ಬರುತ್ತಾಳಾ? ನಡುಕ, ತೂರಾಟ, ವಾಂತಿ ಯಾವುದೂ ಇರಲಿಲ್ಲ. ಕರೆದರೆ ಬರುತ್ತಿದ್ದಳು, ನಿಲ್ಲುತ್ತಿರಲಿಲ್ಲ ಅಷ್ಟೇ. "ಹಾಗಾದ್ರೆ ವಿಷ ಮೈಗೆ ಏರಿಲ್ಲ, ಚರ್ಮದಲ್ಲಿ ಚುರುಗುಟ್ಟುತ್ತಾ ಇದೆ. ತೊಳೆಯಿರಿ" ಅಂದರು. ತರಕಾರಿ ಬಳ್ಳಿಗೆ ಸೈಪರ್‌ಮೆಥ್ರಿನ್ ಎಂಬ ಕೀಟನಾಶಕ ಹೊಡೆದು ಗೊತ್ತಿದ್ದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಸಂಜೆ ಮುಖ ಚುರುಚುರು ಅನ್ನುತ್ತದಲ್ಲ, ಅದೇ. ಪರ್ಮೆಥ್ರಿನ್ ಕೂಡ ಅದೇ ಜಾತಿಯದು. ಚರ್ಮದ ನರಗಳನ್ನು ಸುಮ್ನೆ ಕೆರಳಿಸುತ್ತಾ ಇರುತ್ತದೆ. ಕೆಲವು ನಾಯಿಗಳಿಗೆ ಗೊತ್ತೇ ಆಗುವುದಿಲ್ಲ, ಕೆಲವಕ್ಕೆ ತಡೆಯುವುದಿಲ್ಲ.

ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಉಗುರು ಬೆಚ್ಚಗಿನ ನೀರಿನಲ್ಲಿ ಎರಡು ಸಲ ತೊಳೆದೆ. ಔಷಧಿ ಎಣ್ಣೆಯ ಹಾಗಿರುತ್ತದೆ, ಬರೀ ನೀರಿಗೆ ಬಿಡುವುದಿಲ್ಲ. ಬಿಸಿನೀರು ಬೇಡ ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ಚರ್ಮಕ್ಕೆ ರಕ್ತ ಜಾಸ್ತಿ ಹರಿದರೆ ಔಷಧಿ ಇನ್ನಷ್ಟು ಒಳಗೆ ಹೋಗಬಹುದು. ತಣ್ಣೀರೂ ಬೇಡ. ಮೈ ತಣ್ಣಗಾದರೆ, ಒಂದು ವೇಳೆ ನಡುಕ ಶುರುವಾಗಿದ್ದರೆ ಅದು ಏರುತ್ತದೆ. ಕೈಗೆ ಗ್ಲೌಸ್. ಚೆನ್ನಾಗಿ ಒರೆಸಿ, ವಿಟಮಿನ್ ಇ ಮಾತ್ರೆ ಚುಚ್ಚಿ ಅದರ ಎಣ್ಣೆಯನ್ನು ಔಷಧಿ ಬಿದ್ದ ಜಾಗಕ್ಕೆ ಸವರಿದೆ. ಚರ್ಮದ ಈ ಚುರುಚುರುಗೆ ಅದು ಗುಣ ಕೊಡುತ್ತದೆ. ರಾತ್ರಿ ಮಲಗಿದಳು. ಮರುದಿನ ಬೆನ್ನಿನ ಮೇಲೆ ಕೆಂಪಗೆ ಒಂದು ಮಚ್ಚೆ, ಆಮೇಲೆ ಅಲ್ಲಿ ಸ್ವಲ್ಪ ಕೂದಲು ಉದುರಿತು. ಮತ್ತೆ ಬಂತು.

ಔಷಧಿ ಬಿಟ್ಟ ಜಾಗದಲ್ಲಿ ಕೆಂಪು, ತುರಿಕೆ, ಜಿಡ್ಡು, ಕೂದಲು ಉದುರುವುದು, ಇಷ್ಟೇ ಆದರೆ ಹೆದರುವ ಕೆಲಸ ಇಲ್ಲ. ಜಾಸ್ತಿ ಅನ್ನಿಸಿದರೆ ತೊಳೆಯುವುದು, ಡಾಕ್ಟರಿಗೆ ಹೇಳಿ ಮುಂದಿನ ಸಲ ಔಷಧಿ ಬದಲಿಸುವುದು. ನೆಕ್ಕಿದರೆ ನೊರೆನೊರೆ ಜೊಲ್ಲು ಸುರಿಸುತ್ತದೆ. ನೋಡುವಾಗ ಗಾಬರಿಯಾಗುತ್ತದೆ ನಿಜ, ಹೆಚ್ಚಾಗಿ ಅದು ಕಹಿಗೆ. ಬಾಯಿ ಒರೆಸಿ ನೀರು ಕೊಟ್ಟರೆ ಸ್ವಲ್ಪ ಹೊತ್ತಿನಲ್ಲಿ ನಿಲ್ಲಬೇಕು. ಆದರೆ ನಡುಕ, ತೂರಾಟ, ಫಿಟ್ಸ್, ಮತ್ತೆ ಮತ್ತೆ ವಾಂತಿ, ಕರೆದರೂ ಎಚ್ಚರವಾಗದಷ್ಟು ಮಂಕು, ಮುಖ ಊದಿ ಉಸಿರಾಟಕ್ಕೆ ಕಷ್ಟ, ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ಹುಡುಕುತ್ತಾ ಕೂರಬಾರದು. ಜೀಪೋ ಆಟೋವೋ, ಸಿಕ್ಕಿದ್ದರಲ್ಲಿ ಹೊರಡಬೇಕು.

ಮಂಕು ಅಂದಾಗ ಅಮಿಟ್ರಾಜ್ ಎಂಬ ಇನ್ನೊಂದು ಉಣುಗಿನ ಔಷಧಿ ನೆನಪಾಗುತ್ತದೆ. ಅದು ಬೆನ್ನಿಗೆ ಬಿಡುವ ಹನಿಯಲ್ಲ, ನೀರಿಗೆ ಬೆರೆಸಿ ಮೈಗೆ ಹಚ್ಚುವ ದ್ರಾವಣ. ಬಾಟಲಿಯಲ್ಲಿ 12.5 ಶೇಕಡಾ ಇರುತ್ತದೆ. ಲೀಟರು ನೀರಿಗೆ ಕೆಲವೇ ಮಿಲಿ ಸಾಕು. "ಒಂದು ಮುಚ್ಚಳ" ಎಂದು ಅಂದಾಜಿಗೆ ಸುರಿಯುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಜಾಸ್ತಿಯಾದರೆ ನಾಯಿ ತೂಕಡಿಸುತ್ತದೆ, ಎದೆಬಡಿತ ನಿಧಾನವಾಗುತ್ತದೆ, ಮೈ ತಣ್ಣಗಾಗುತ್ತದೆ, ಸಕ್ಕರೆ ಏರುತ್ತದೆ. ಸಕ್ಕರೆ ಕಾಯಿಲೆ ಇರುವ ನಾಯಿಗೂ ಸಣ್ಣ ಮರಿಗೂ ಅದನ್ನು ಮುಟ್ಟಿಸಲೇಬಾರದು. ಒಳ್ಳೆಯ ಸುದ್ದಿ ಅಂದರೆ ಇದಕ್ಕೆ ಪ್ರತಿಮದ್ದು ಇದೆ, ಡಾಕ್ಟರ ಹತ್ತಿರ ಬೇಗ ತಲುಪಬೇಕು.

ತೊಂದರೆ ಬರುವ ಒಂದು ದಾರಿ ತೂಕದ ಲೆಕ್ಕ ತಪ್ಪುವುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸ್ಪಾಟ್ ಆನ್ ಔಷಧಿಗಳ ಬಗ್ಗೆ ದೂರು ಜಾಸ್ತಿ ಬಂತೆಂದು 2009ರಲ್ಲಿ ಪರಿಶೀಲನೆ ಶುರು ಮಾಡಿತು. ಸಣ್ಣ ನಾಯಿಗಳಿಗೇ ತೊಂದರೆ ಜಾಸ್ತಿ ಎಂದು 2010ರಲ್ಲಿ ಹೇಳಿತು. ಫಿಪ್ರೊನಿಲ್ ಎಂಬ ಇನ್ನೊಂದು ಸ್ಪಾಟ್ ಆನ್ ಔಷಧಿಯ ಟ್ಯೂಬನ್ನೇ ನೋಡಿ: 10 ಕಿಲೋವರೆಗೆ 0.67 ಮಿಲಿ, 10ರಿಂದ 20ಕ್ಕೆ 1.34, 20ರಿಂದ 40ಕ್ಕೆ 2.68. ದೊಡ್ಡ ಟ್ಯೂಬ್ ತಂದು ಮೂರು ನಾಯಿಗೆ ಹಂಚುವವರಿದ್ದಾರೆ. ಹನಿ ಹೆಚ್ಚು ಕಡಿಮೆಯಾದರೆ ಏಟು ತಿನ್ನುವುದು ಅತಿ ಸಣ್ಣ ನಾಯಿ. ನಮ್ಮಲ್ಲಿ ಅಡಿಕೆ ತೂಗುವ ತಕ್ಕಡಿ ಇದೆಯಲ್ಲ, ನಾಯಿಯನ್ನು ಎತ್ತಿಕೊಂಡು ನಿಂತು, ನನ್ನ ತೂಕ ಕಳೆದು, ಆಮೇಲೆ ಟ್ಯೂಬ್ ತರುತ್ತೇನೆ. ಅಂದಾಜಿನಲ್ಲಿ ನಾಯಿ ಯಾವಾಗಲೂ ದಪ್ಪ ಕಾಣುತ್ತದೆ.

ದನಕ್ಕೆ ತಂದು ಉಳಿದದ್ದನ್ನು ನಾಯಿಗೆ ಹಾಕುವುದು ಇನ್ನೊಂದು. "ಹಟ್ಟಿಗೆ ತಂದದ್ದು ಸ್ವಲ್ಪ ಉಂಟು, ಸುಮ್ನೆ ಯಾಕೆ ಬಿಸಾಡುವುದು?" ಎಂದು ನೆರೆಯ ಅಕ್ಕ ಕೇಳಿದ್ದರು. ಬಿಸಾಡಬೇಡಿ, ದನಕ್ಕೇ ಇರಲಿ ಅಂದೆ. ದನ ನೂರಾರು ಕಿಲೋ ತೂಗುತ್ತದೆ. ನಾಯಿ ತನ್ನ ಮೈಯನ್ನು ತಾನೇ ನೆಕ್ಕುತ್ತದೆ ಬೇರೆ.

ಬೆಕ್ಕಿನ ಮಾತು ಬೇರೆಯಾಗಿ ಹೇಳಬೇಕು. ಬೆಕ್ಕಿನ ಪಿತ್ತಜನಕಾಂಗಕ್ಕೆ ಪರ್ಮೆಥ್ರಿನ್ ಕರಗಿಸುವ ತಾಕತ್ತು ತೀರಾ ಕಡಿಮೆ. ನಾಯಿಯ ಟ್ಯೂಬನ್ನು ಬೆಕ್ಕಿಗೆ ಹಾಕಿದರೆ ಸಾಯಬಹುದು. ಈಗಷ್ಟೇ ಹಾಕಿಸಿಕೊಂಡ ನಾಯಿಗೆ ಒರಗಿ ಮಲಗಿದರೂ ನಡುಕ ಹಿಡಿಯಬಹುದು. ನಮ್ಮಲ್ಲಿ ನಾಯಿ ಬೆಕ್ಕು ಒಂದೇ ಗೋಣಿಯಲ್ಲಿ ಮಲಗುತ್ತವೆ, ಹಾಗಾಗಿ ಔಷಧಿ ಹಾಕಿದ ದಿನ ಬೆಕ್ಕು ಅಡಿಗೆಕೋಣೆಯಲ್ಲಿ ಬಂದಿ. ಮೊಲ ಸಾಕುವವರಿಗೂ ಒಂದು ಮಾತು: ಫಿಪ್ರೊನಿಲ್ ಮೊಲಕ್ಕೆ ವಿಷ.

"ಇದೂ ಎಂಡೋಸಲ್ಫಾನಿನ ಹಾಗೆಯೇ ಅಲ್ವಾ?" ಈ ಪ್ರಶ್ನೆಯನ್ನು ನಾನು ತಮಾಷೆ ಮಾಡುವುದಿಲ್ಲ. ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಆ ಕೀಟನಾಶಕವನ್ನು ಸುರಿದ ಜಿಲ್ಲೆ ಇದು. ಅದರಿಂದ ಜನ ಪಟ್ಟ ಪಾಡು ಎಣ್ಮಕಜೆ ಪಂಚಾಯತಿನ ಪಡ್ರೆ ಊರಿಗೆ ಹೋದವರಿಗೆಲ್ಲ ಗೊತ್ತು. ನಿಜ ಹೇಳಬೇಕೆಂದರೆ ಫಿಪ್ರೊನಿಲ್ ಕೂಡ ಎಂಡೋಸಲ್ಫಾನ್ ತಡೆಯುವ ನರದ ಬಾಗಿಲನ್ನೇ ತಡೆಯುತ್ತದೆ. ಆದರೆ ಹುಳಗಳ ಬಾಗಿಲಿಗೆ ಅದು ಗಟ್ಟಿಯಾಗಿ ಅಂಟುತ್ತದೆ, ನಾಯಿಯದಕ್ಕೆ ಸಡಿಲ. ಬೆನ್ನಿಗೆ ಬಿಟ್ಟದ್ದರಲ್ಲಿ ಹೆಚ್ಚಿನ ಪಾಲು ಚರ್ಮದ ಎಣ್ಣೆಯಲ್ಲೇ ಉಳಿಯುತ್ತದೆ, ರಕ್ತಕ್ಕೆ ಇಳಿಯುವುದು ಬಹಳ ಕಡಿಮೆ. ಆದರೆ ಮೀನಿಗೆ ಮತ್ತು ಜೇನುನೊಣಕ್ಕೆ ಫಿಪ್ರೊನಿಲ್, ಪರ್ಮೆಥ್ರಿನ್ ಎರಡೂ ವಿಷವೇ. ನಮ್ಮ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿ) ನೀರು ಬೀಳುವ ಕೆರೆಗೆ ಔಷಧಿ ಹಾಕಿದ ನಾಯಿ ಎರಡು ದಿನ ಇಳಿಯದಂತೆ ಕಟ್ಟಿ ಹಾಕುತ್ತೇನೆ. ಬೇವಿನೆಣ್ಣೆ ಸಾಕು ಎನ್ನುವವರ ಜೊತೆ ವಾದ ಮಾಡುವುದಿಲ್ಲ. ಬೇವಿನೆಣ್ಣೆ ಹಚ್ಚಿದ ನಾಯಿಯ ಕಿವಿಯೊಳಗಿಂದ ಉಣುಗು ಕಿತ್ತವನು ನಾನು.

ಮಳೆಗಾಲದಲ್ಲಿ ಎಚ್ಚರ ಜಾಸ್ತಿ ಬೇಕು. ಔಷಧಿ ಹಾಕುವ ಮೊದಲು ಎರಡು ದಿನ, ಹಾಕಿದ ಮೇಲೆ ಎರಡು ದಿನ ಸ್ನಾನ ಇಲ್ಲ. ಮೈ ಪೂರ್ತಿ ಒಣಗಿರಬೇಕು. ಜೂನ್ ತಿಂಗಳಲ್ಲಿ ಕಾಸರಗೋಡಿನ ನಾಯಿ ಒಣಗುವುದಾದರೂ ಯಾವಾಗ? ಮಳೆಗೆ ತೊಳೆದು ಹೋಯಿತೆಂದು ವಾರದಲ್ಲೇ ಇನ್ನೊಂದು ಟ್ಯೂಬ್, ಮೇಲೆ ಕುತ್ತಿಗೆಗೆ ಉಣುಗಿನ ಬೆಲ್ಟು, ಅದರ ಮೇಲೆ ಪೌಡರು ಹಾಕುವವರಿದ್ದಾರೆ. ಒಂದೊಂದೇ ಆದರೆ ತೊಂದರೆ ಮಾಡದ್ದು ಒಟ್ಟಾದಾಗ ಮಾಡುತ್ತದೆ. ಮಳೆಗಾಲಕ್ಕೆ ಉಣುಗಿನ ಮಾತ್ರೆ ಅನುಕೂಲ, ತೊಳೆದು ಹೋಗುವ ಚಿಂತೆ ಇಲ್ಲ. ಆದರೆ ಫ್ಲೂರಾಲನರ್, ಅಫಾಕ್ಸೊಲನರ್ ಜಾತಿಯ ಮಾತ್ರೆಗಳಿಂದ ಕೆಲವು ನಾಯಿಗಳಿಗೆ ನಡುಕ, ಫಿಟ್ಸ್ ಬರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿದೆ. ಮೊದಲೇ ಫಿಟ್ಸ್ ಇರುವ ನಾಯಿಯಾದರೆ ಡಾಕ್ಟರಿಗೆ ಹೇಳದೆ ಕೊಡಬೇಡಿ.

ಈಗ ಚಿನ್ನುವಿಗೆ ಫಿಪ್ರೊನಿಲ್, ಏನೂ ತಕರಾರಿಲ್ಲ. ಭುಜಗಳ ನಡುವೆ, ಅವಳ ನಾಲಿಗೆ ಎಟುಕದಲ್ಲಿ, ಕೂದಲು ಬಿಡಿಸಿ ಚರ್ಮದ ಮೇಲೆಯೇ ಬಿಡುತ್ತೇನೆ. ಬೆಳಿಗ್ಗೆಯೇ ಹಾಕುವುದು, ಅದೂ ಮೃಗಾಸ್ಪತ್ರೆ ತೆರೆದಿರುವ ದಿನ. ಶನಿವಾರ ಸಂಜೆ ಯಾವತ್ತೂ ಇಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಕಿನ ಪಕ್ಕ ಔಷಧಿಯ ಹೆಸರು, ನಾಯಿಯ ತೂಕ ಬರೆಯುತ್ತೇನೆ, ಖಾಲಿ ಟ್ಯೂಬನ್ನು ಅದೇ ಮೊಳೆಗೆ ಸಿಕ್ಕಿಸುತ್ತೇನೆ. ಫೋನಿನಲ್ಲಿ ಡಾಕ್ಟರು ಕೇಳಿಯೇ ಕೇಳುವ ಮೂರು ಪ್ರಶ್ನೆ ಏನು ಹಾಕಿದ್ದು, ಎಷ್ಟು, ಯಾವಾಗ. ಮನೆಯಲ್ಲಿ ನಾನು ಇಲ್ಲದಿದ್ದರೂ ಅಮ್ಮ ಅದನ್ನು ನೋಡಿ ಓದಿ ಹೇಳಬಹುದು.