ಗಂಗಾವತಿ ಹೊಟ್ಟಿನಿಂದ ಬಿಳಿ ಸಿಲಿಕಾ: ನಾನು ಮಾಡಿದ ರೀತಿ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಓಡಾಡಿದವರಿಗೆ ರೈಸ್ ಮಿಲ್ಲಿನ ಹಿಂದಿನ ಹೊಟ್ಟಿನ ರಾಶಿ ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಸಿಗುವಲ್ಲಿ ಭತ್ತ, ಭತ್ತ ಇರುವಲ್ಲಿ ಮಿಲ್ಲು. ಭತ್ತದ ತೂಕದಲ್ಲಿ ಶೇ. 20ರಷ್ಟು ಬರೀ ಹೊಟ್ಟು. ಅದನ್ನು ಸುಟ್ಟರೆ ಅದರ ಶೇ. 20ರ ಹತ್ತಿರ ಬೂದಿ ಉಳಿಯುತ್ತದೆ, ಆ ಬೂದಿಯಲ್ಲಿ ಶೇ. 85ರಿಂದ 95ರವರೆಗೆ ಸಿಲಿಕಾ, ಅಂದರೆ ಸಿಲಿಕಾನ್ ಮತ್ತು ಆಕ್ಸಿಜನ್ ಸೇರಿದ ವಸ್ತು. ನನ್ನ ಸಂಶೋಧನೆಗೆ ಅಮಾರ್ಫಸ್ ಸಿಲಿಕಾ ಬೇಕಿತ್ತು. ಬಳ್ಳಾರಿಯಲ್ಲಿ ಕೂತು ದುಬಾರಿ ಕೆಮಿಕಲ್ ತರಿಸುವ ಬದಲು ಪಕ್ಕದ ಜಿಲ್ಲೆಯ ಹೊಟ್ಟನ್ನೇ ಹಿಡಿದೆ. ಮಿಲ್ಲಿನವರು ದುಡ್ಡು ತೆಗೆದುಕೊಳ್ಳಲಿಲ್ಲ. "ಇದನ್ನ ಒಯ್ದು ಏನ್ ಮಾಡ್ತೀರಿ ಸರ್?" ಅಂತ ಕೇಳಿ ಚೀಲ ತುಂಬಿಸಿಕೊಟ್ಟರು.

ಅಮಾರ್ಫಸ್ ಅಂದರೆ ಒಳಗಿನ ಅಣುಗಳು ಸಾಲು ಹಿಡಿದು ನಿಂತಿರದ ಘನವಸ್ತು. ಲೋಹದಲ್ಲಿ ಇದನ್ನು ಮಾಡುವುದು ಬಹಳ ಕಷ್ಟ. 1960ರಲ್ಲಿ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ಪೋಲ್ ಡುವೆ ಮತ್ತು ಅವರ ಜೊತೆಗಾರರು ಕರಗಿದ ಚಿನ್ನ-ಸಿಲಿಕಾನ್ ಮಿಶ್ರಣವನ್ನು ಸೆಕೆಂಡಿಗೆ ಸುಮಾರು 10 ಲಕ್ಷ ಡಿಗ್ರಿ ವೇಗದಲ್ಲಿ ತಣಿಸಿ ಮೊದಲ ಲೋಹದ ಗಾಜನ್ನು ಮಾಡಿದರು. ಅಣುಗಳಿಗೆ ಸಾಲು ಕಟ್ಟಲು ಸಮಯವೇ ಸಿಗಬಾರದು, ಅದಕ್ಕೆ ಅಷ್ಟು ಆತುರ. ನಮ್ಮ ಭತ್ತದ ಗಿಡ ಮಾತ್ರ ಬೇರಿನಿಂದ ಕರಗಿದ ಸಿಲಿಕಾ ಎಳೆದುಕೊಂಡು, ಗದ್ದೆಯ ಬಿಸಿಲಲ್ಲೇ ಅದನ್ನು ಅಮಾರ್ಫಸ್ ರೂಪದಲ್ಲಿ ಹೊಟ್ಟಿನ ಹೊರಮೈಗೆ ತುಂಬಿಸಿಬಿಡುತ್ತದೆ. ಹಾಗಾಗಿ ಇಲ್ಲಿ ನಾವು ಅಮಾರ್ಫಸ್ ಮಾಡುವುದಲ್ಲ, ಗಿಡ ಮಾಡಿಟ್ಟದ್ದನ್ನು ಕೆಡಿಸದೆ ಬಿಡಿಸಿಕೊಳ್ಳುವುದು. ನನ್ನ ಕೆಲಸವೆಲ್ಲ ನಿಂತಿದ್ದು ಇದರ ಮೇಲೇ.

ಕೆಡಿಸುವುದು ಮುಖ್ಯವಾಗಿ ಪೊಟ್ಯಾಸಿಯಂ. ಹೊಟ್ಟನ್ನು ಹಾಗೇ ಸುಟ್ಟರೆ ಅದರಲ್ಲಿರುವ ಪೊಟ್ಯಾಸಿಯಂ ಸಿಲಿಕಾದ ಮೇಲ್ಮೈಯನ್ನು ಬೇಗ ಕರಗಿಸುತ್ತದೆ, ಕರಗಿದ ಪದರದೊಳಗೆ ಇದ್ದಿಲು ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಎಷ್ಟು ಹೊತ್ತು ಸುಟ್ಟರೂ ಬೂದಿ ಬೂದಿಬಣ್ಣದಲ್ಲೇ ಇರುತ್ತದೆ, ಬಿಳಿ ಆಗುವುದಿಲ್ಲ. ಅದೇ ಪೊಟ್ಯಾಸಿಯಂ ಸಿಲಿಕಾ ಕ್ರಿಸ್ಟಲ್ (ಅಣುಗಳು ಸಾಲು ಹಿಡಿದು ನಿಂತ ರೂಪ) ಆಗುವುದಕ್ಕೂ ದಾರಿ ಮಾಡಿಕೊಡುತ್ತದೆ. ಆದ್ದರಿಂದ ಮೊದಲ ಕೆಲಸ ತೊಳೆಯುವುದು.

ಬಕೆಟ್ಟಿನ ನೀರಿಗೆ ಹೊಟ್ಟು ಹಾಕಿ ಚೆನ್ನಾಗಿ ಕಲಕಿದರೆ ಹೊಟ್ಟು ತೇಲುತ್ತದೆ, ಮರಳು ತಳಕ್ಕೆ ಹೋಗುತ್ತದೆ. ಇದನ್ನು ಸುಮ್ನೆ ಬಿಡಬೇಡಿ, ಮರಳು ಅಂದರೆ ಕ್ವಾರ್ಟ್ಜ್, ಕ್ರಿಸ್ಟಲ್ ರೂಪದ ಸಿಲಿಕಾ, ಆಮೇಲೆ ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇ ಬಿಟ್ಟು ಅಣುಗಳ ಸಾಲು ನೋಡುವ ಪರೀಕ್ಷೆ) 26.6 ಡಿಗ್ರಿ ಕೋನದ ಹತ್ತಿರ ಚೂಪಾಗಿ ಎದ್ದು ನಿಲ್ಲುತ್ತದೆ. ಒಣಗಿಸಿದ ಹೊಟ್ಟನ್ನು 1 ನಾರ್ಮಲ್ (ದ್ರಾವಣ ಎಷ್ಟು ಗಟ್ಟಿ ಎಂಬ ಅಳತೆ) ಹೈಡ್ರೋಕ್ಲೋರಿಕ್ ಆ್ಯಸಿಡ್‌ನಲ್ಲಿ 90 ಡಿಗ್ರಿ ಸುಮಾರಿನಲ್ಲಿ ಒಂದೆರಡು ಗಂಟೆ ಕಾಯಿಸುತ್ತಿದ್ದೆ, ಹೊಗೆ ಹೊರಗೆಳೆಯುವ ಹುಡ್ ಒಳಗೇ. ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಅದು ಸರಿ. ಸೋಸಿ, ಲಿಟ್ಮಸ್ ಬಣ್ಣ ಬದಲಾಗುವುದು ನಿಲ್ಲುವವರೆಗೂ ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯಬೇಕು. ನಮ್ಮ ಕಡೆ ಬೋರ್ ನೀರು ಗಡಸು, ಪೊಟ್ಯಾಸಿಯಂ ಜೊತೆ ಕ್ಯಾಲ್ಸಿಯಂ ಕೂಡ ತೆಗೆಯಲು ಆ್ಯಸಿಡ್ ಹಾಕಿ ಮತ್ತೆ ಬೋರ್ ನೀರಿನಲ್ಲಿ ತೊಳೆದರೆ ಏನು ಲಾಭ? ಬಳ್ಳಾರಿಯಲ್ಲಿ ಇನ್ನೊಂದು ಜಾಗ್ರತೆ ಇದೆ. ಅದಿರಿನ ಕೆಂಪು ಧೂಳು ಕಿಟಕಿಯಿಂದ ಬರುತ್ತದೆ. ಕಬ್ಬಿಣ ಸ್ವಲ್ಪ ಸೇರಿದರೂ ಬಿಳಿ ಪುಡಿಗೆ ಹಳದಿ ಛಾಯೆ ಬರುತ್ತದೆ. ಒಣಗಿಸುವಾಗ ಟ್ರೇ ಮುಚ್ಚಿಡುತ್ತಿದ್ದೆ.

ಸುಡುವಾಗ ನಿಧಾನವೇ ಮುಖ್ಯ. ಕ್ರೂಸಿಬಲ್‌ನಲ್ಲಿ (ಬಿಸಿ ತಡೆಯುವ ಬಟ್ಟಲು) ತೆಳ್ಳಗೆ ಹರಡಿ, ನಿಮಿಷಕ್ಕೆ 5 ಡಿಗ್ರಿಯಂತೆ ಏರಿಸಿ, 400ರಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಹೊಗೆ ಹೋಗಲು ಬಿಟ್ಟು, ಆಮೇಲೆ 650 ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆ. ಗಾಳಿ ಬೇಕೇ ಬೇಕು. ಫರ್ನೇಸ್ ಬಾಗಿಲು ಪೂರ್ತಿ ಬಿಗಿಯಾದರೆ ಇದ್ದಿಲು ಉಳಿಯುತ್ತದೆ. ಹೊರಗೆ ತೆಗೆದಾಗ ಹೊಟ್ಟಿನ ಆಕಾರ ಹಾಗೇ ಇರುತ್ತದೆ, ಆದರೆ ಹಾಲಿನಂತೆ ಬೆಳ್ಳಗೆ, ಬೆರಳಿಟ್ಟರೆ ಪುಡಿ. ಆ ಬಿಳುಪು ನೋಡಿದಾಗಿನ ಖುಷಿಯೇ ಬೇರೆ.

ಇದೇ ಸಾಕು ಅನ್ನುವವರಿಗೆ ಇಲ್ಲಿಗೆ ಮುಗಿಯಿತು. ನನಗೆ ಇನ್ನೂ ಸಣ್ಣ, ಇನ್ನೂ ಶುದ್ಧ ಕಣ ಬೇಕಿತ್ತು. ಬೂದಿಯನ್ನು 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಒಂದು ಗಂಟೆ ಕುದಿಸಿದರೆ ಸಿಲಿಕಾ ಕರಗಿ ಸೋಡಿಯಂ ಸಿಲಿಕೇಟ್ ಆಗುತ್ತದೆ. ಗಾಜಿನ ಬೀಕರ್ ಬೇಡ, ಅದೂ ಸಿಲಿಕಾವೇ ಅಲ್ವಾ, ಬಿಸಿ ಕ್ಷಾರ ಅದನ್ನೂ ತಿನ್ನುತ್ತದೆ. ಅಲ್ಯೂಮಿನಿಯಂ ಪಾತ್ರೆಯಂತೂ ಹತ್ತಿರವೇ ತರಬಾರದು. ನಾನು ಬಳಸಿದ್ದು ಟೆಫ್ಲಾನ್. ಸೋಸಿದ ತಿಳಿಗೆ ಕಲಕುತ್ತಾ ಹನಿ ಹನಿ ಆ್ಯಸಿಡ್ ಬಿಟ್ಟು ಪಿಎಚ್ 7ಕ್ಕೆ ತಂದರೆ ಜೆಲ್ ಕಟ್ಟುತ್ತದೆ. ರಾತ್ರಿಯಿಡೀ ಬಿಟ್ಟು, ಒಡೆದು, ಬಿಸಿ ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯುವುದು. ಎಷ್ಟು ತೊಳೆಯಬೇಕು? ತೊಳೆದ ನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿ, ಬೆಳ್ಳಗೆ ಕಲಕಿದಂತಾದರೆ ಇನ್ನೂ ಉಪ್ಪಿದೆ. ಉಪ್ಪು ಉಳಿದರೆ ಎಕ್ಸ್‌ಆರ್‌ಡಿಯಲ್ಲಿ 31.7 ಮತ್ತು 45.4 ಡಿಗ್ರಿಯಲ್ಲಿ ಪೀಕ್ ಬರುತ್ತದೆ. ಅದನ್ನು ನೋಡಿ ಸಿಲಿಕಾ ಕ್ರಿಸ್ಟಲ್ ಆಯಿತು ಅಂತ ಗಾಬರಿಯಾಗುವವರು ಇದ್ದಾರೆ. ಒಣಗಿಸುವ ಮೊದಲು ಜೆಲ್ಲಿನ ನೀರನ್ನು ಎಥನಾಲ್‌ನಿಂದ ಬದಲಿಸಿದರೆ ಪುಡಿ ಹಗುರವಾಗಿ ಬರುತ್ತದೆ. ನೀರಿನಿಂದಲೇ ಒಣಗಿಸಿದರೆ ಜೆಲ್ ಕುಗ್ಗಿ ಕಲ್ಲಿನಂಥ ಚೂರಾಗುತ್ತದೆ.

ಈಗ ಪರೀಕ್ಷೆ. ತಾಮ್ರದ ಟ್ಯೂಬ್ ಇರುವ ಎಕ್ಸ್‌ಆರ್‌ಡಿಯಲ್ಲಿ ಅಮಾರ್ಫಸ್ ಸಿಲಿಕಾಕ್ಕೆ ಚೂಪು ಪೀಕ್ ಇರುವುದಿಲ್ಲ, 22 ಡಿಗ್ರಿ ಸುತ್ತ ಒಂದು ಅಗಲವಾದ ದಿಬ್ಬ ಮಾತ್ರ. ಆದರೆ ದಿಬ್ಬ ಕಂಡ ತಕ್ಷಣ ನಂಬಬೇಡಿ. ಪುಡಿ ಕಡಿಮೆ ಇದೆ ಅಂತ ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಬಳಿದರೆ, ಗಾಜಿನದೇ ದಿಬ್ಬ ಅದೇ ಜಾಗದಲ್ಲಿ ಬರುತ್ತದೆ! ಸ್ಯಾಂಪಲ್ ಹೊರಗೆ ಕಳಿಸುವಾಗ ಗುಳಿ ಇರುವ ಹೋಲ್ಡರ್ ತುಂಬುವಷ್ಟು ಪುಡಿ ಕಳಿಸುತ್ತಿದ್ದೆ, ಖಾಲಿ ಹೋಲ್ಡರ್‌ನ ಗ್ರಾಫ್ ಕೂಡ ಕೇಳುತ್ತಿದ್ದೆ. ಹೆಚ್ಚು ಬಿಸಿಯಲ್ಲಿ ಆಗುವ ಕ್ರಿಸ್ಟಲ್ ಸಿಲಿಕಾ, ಅಂದರೆ ಕ್ರಿಸ್ಟೋಬಲೈಟ್‌ನ ಮುಖ್ಯ ಪೀಕ್ ಕೂಡ 22ರ ಹತ್ತಿರವೇ ಇರುವುದರಿಂದ, ಹೋಲಿಕೆಗಾಗಿ ತೊಳೆಯದ ಹೊಟ್ಟನ್ನು ಬೇಕೆಂದೇ 1000 ಡಿಗ್ರಿಯಲ್ಲಿ ಸುಟ್ಟು ಇನ್ನೊಂದು ಸ್ಯಾಂಪಲ್ ಮಾಡಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅನುಮಾನವೇ ಉಳಿಯುವುದಿಲ್ಲ. ಎಫ್‌ಟಿಐಆರ್‌ನಲ್ಲಿ (ಇನ್ಫ್ರಾರೆಡ್ ಬೆಳಕಿನ ಪರೀಕ್ಷೆ) ಸೆಂ.ಮೀ.ಗೆ 1100, 800, 470 ಅಲೆಗಳ ಸುತ್ತ ಸಿಲಿಕಾದ ಗುರುತು ಎರಡಕ್ಕೂ ಇರುತ್ತದೆ, 620ರ ಹತ್ತಿರದ ಸಣ್ಣ ಪಟ್ಟಿ ಮಾತ್ರ ಕ್ರಿಸ್ಟೋಬಲೈಟ್‌ನದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಆ ದಿಬ್ಬದ ಅಗಲಕ್ಕೆ ಶೆರರ್ ಸೂತ್ರ (ಎಕ್ಸ್‌ಆರ್‌ಡಿ ಪೀಕಿನ ಅಗಲದಿಂದ ಗಾತ್ರ ಲೆಕ್ಕ ಹಾಕುವುದು) ಹಾಕಿ ಕಣದ ಗಾತ್ರ ಇಷ್ಟು ನ್ಯಾನೋಮೀಟರ್ ಅಂತ ಬರೆಯಬೇಡಿ. ಆ ಸೂತ್ರ ಕ್ರಿಸ್ಟಲ್‌ಗೆ, ಇಲ್ಲಿ ಕ್ರಿಸ್ಟಲ್ಲೇ ಇಲ್ಲ. ಗಾತ್ರ ಬೇಕೆಂದರೆ ಟಿಇಎಂ ಮಾಡಿಸಿ, ಅದು ಎಲೆಕ್ಟ್ರಾನ್‌ಗಳನ್ನು ಸ್ಯಾಂಪಲ್ಲಿನ ಮೂಲಕ ಹಾಯಿಸಿ ನೋಡುವ ಮೈಕ್ರೋಸ್ಕೋಪ್. ಮೇಲ್ಮೈಯನ್ನಷ್ಟೇ ತೋರಿಸುವ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಎಸ್‌ಇಎಂನಲ್ಲಿ ಕಾಣುವುದು ಹೆಚ್ಚಾಗಿ ಕಣಗಳ ಗುಂಪು, ಅದೂ ಸಿಲಿಕಾದಲ್ಲಿ ಕರೆಂಟ್ ಹರಿಯದ ಕಾರಣ ಚಿನ್ನದ ಲೇಪನ ಬೇಕು. ಯಾವ ಮೂಲವಸ್ತು ಇದೆ ಅಂತ ಹೇಳುವ ಇಡಿಎಸ್ ವರದಿಯಲ್ಲಿ ಚಿನ್ನ ಕಂಡರೆ ಅದು ಲೇಪನದ್ದು.

ಈ ಕ್ರಿಸ್ಟಲ್-ಅಮಾರ್ಫಸ್ ವ್ಯತ್ಯಾಸ ಬರೀ ಲ್ಯಾಬಿನ ಮಾತಲ್ಲ. ಕೆಲಸದ ಜಾಗದಲ್ಲಿ ಉಸಿರಿನ ಜೊತೆ ಒಳಗೆ ಹೋಗುವ ಕ್ವಾರ್ಟ್ಜ್ ಮತ್ತು ಕ್ರಿಸ್ಟೋಬಲೈಟ್ ಧೂಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು, ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬೇರೆ. ಮಿಲ್ಲಿನ ಬಾಯ್ಲರ್‌ನಲ್ಲಿ ತೊಳೆಯದ ಹೊಟ್ಟೇ ಉರಿಯುವುದು, ಬೆಂಕಿ ಎಷ್ಟು ಏರಿತು ಅಂತ ಯಾರೂ ಅಳೆಯುವುದಿಲ್ಲ. ಹಾಗಾಗಿ ಬಾಯ್ಲರ್ ಬೂದಿಯನ್ನು ನಾನು ಲ್ಯಾಬಿಗೆ ತಂದರೂ ಮಾಸ್ಕ್ ಇಲ್ಲದೆ ಮುಟ್ಟುವುದಿಲ್ಲ. ಮಿಲ್ಲಿಗೆ ಹೋದಾಗ ಬೂದಿ ತುಂಬುವ ಅಣ್ಣಂದಿರಿಗೂ ಅದನ್ನೇ ಹೇಳುತ್ತೇನೆ: ಮೊದಲು ನೀರು ಚಿಮುಕಿಸಿ, ಆಮೇಲೆ ಸಲಿಕೆ ಹಾಕಿ, ಟವೆಲ್ ಕಟ್ಟಿಕೊಂಡರೆ ಸಾಲದು, ಒಳ್ಳೆಯ ಮಾಸ್ಕ್ ಕೇಳಿ ಪಡೆಯಿರಿ.