ತಂಡದ ಹೊಣೆ ಹೆಗಲಿಗೆ ಬಂದಾಗ

ಆರು ವರ್ಷ ಸ್ಟ್ರೆಚರ್ ಹಿಡಿದ ಮೇಲೆ ನಮ್ಮ ಮಲ್ಲೇಶ್ವರದ ಸ್ವಯಂಸೇವಕ ಆಂಬುಲೆನ್ಸ್ ತಂಡ ನನ್ನನ್ನೇ ನಾಯಕಿ ಮಾಡಿತು. ಈಗ ನಿಮ್ಮ ಸರದಿಯಾದರೆ, ಮೊದಲ ತಿಂಗಳು ಯಾವ ನಿಯಮವನ್ನೂ ಬದಲಿಸಬೇಡಿ. ಪ್ರತಿ ಪಾಳಿಯಲ್ಲೂ ಒಂದು ದಿನ ಕೂತು ನೋಡಿ, ಕೇಳಿ.

ಆದರೆ ಗಾಡಿ ತಪಾಸಣೆಯನ್ನು ಮೊದಲ ದಿನದಿಂದಲೇ ನೀವೇ ಮಾಡಿ. ಒಮ್ಮೆ ರಾತ್ರಿ ಗೊರಗುಂಟೆಪಾಳ್ಯದ ಹತ್ತಿರ ಆಮ್ಲಜನಕದ ಸಿಲಿಂಡರ್ ತೆರೆಯಲು ಹೋದರೆ ಕೀಲಿಯೇ ಇಲ್ಲ! ಅಜ್ಜ ಉಸಿರಿಗೆ ಒದ್ದಾಡುತ್ತಿದ್ದರು; ಚಾಲಕ ಸೀಟಿನ ಕೆಳಗಿಂದ ಸ್ಪ್ಯಾನರ್ ಹುಡುಕಿ ತೆರೆದ. ಅಂದಿನಿಂದ ಕೀಲಿಯನ್ನು ಕೆಂಪು ದಾರದಲ್ಲಿ ಸಿಲಿಂಡರ್ ಕತ್ತಿಗೇ ಕಟ್ಟಿದ್ದೇವೆ. ಲೆಕ್ಕವೂ ಗೊತ್ತಿರಲಿ: ಹತ್ತು ಲೀಟರಿನ ಸಿಲಿಂಡರಿನಲ್ಲಿ ಒತ್ತಡದ ಮುಳ್ಳು 150 ಬಾರ್ ತೋರಿಸಿದರೆ ಸುಮಾರು 1500 ಲೀಟರ್ ಆಮ್ಲಜನಕ. ನಿಮಿಷಕ್ಕೆ 10 ಲೀಟರಿನಂತೆ ಬಿಟ್ಟರೆ ಎರಡೂವರೆ ಗಂಟೆ. ನಮ್ಮೂರ ಟ್ರಾಫಿಕ್‌ನಲ್ಲಿ ಅದನ್ನು ಧಾರಾಳ ಎನ್ನಲಾರೆ.

ಹೃದಯ ನಿಂತವರ ಎದೆ ಒತ್ತುವ (ಸಿಪಿಆರ್) ಅಭ್ಯಾಸ ತಿಂಗಳಿಗೊಮ್ಮೆ ಎಲ್ಲರಿಗೂ ಇರಲಿ, ಹಳಬರಿಗೂ: ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳ. 108ರವರ ಜೊತೆ ಪೈಪೋಟಿ ಬೇಡ, ಅವರು ಮೊದಲು ತಲುಪಿದರೆ ಕೈಜೋಡಿಸಿ.

ಕಷ್ಟದ್ದು ಬೇರೆಯೇ ಇದೆ. ನಿನ್ನೆವರೆಗೆ ಜೊತೆಗೆ ಕಾಫಿ ಕುಡಿದವರಿಗೆ ಇಂದು ತಪ್ಪು ತೋರಿಸಬೇಕು. ರೋಗಿಯ ಮನೆಯವರ ಮುಂದೆ ಎಂದೂ ಹೇಳಬೇಡಿ. ಗಾಡಿ ತೊಳೆಯುವಾಗ, ಪಕ್ಕದಲ್ಲಿ ನಿಂತು, ಮೆಲ್ಲಗೆ ಹೇಳಿ. ಮಗುವೊಂದು ಉಳಿಯದ ರಾತ್ರಿ ಯಾರನ್ನೂ ಒಂಟಿಯಾಗಿ ಮನೆಗೆ ಕಳಿಸಬೇಡಿ. ಮರುದಿನ ಬೆಳಗ್ಗೆ ನೀವೇ ಫೋನ್ ಮಾಡಿ, ‘ತಿಂಡಿ ಆಯ್ತಾ?’ ಅಂತ ಕೇಳಿ.